ಇದು ನಡಿಯಲ್ಲ, ಬೇರೆ ಏನಾದ್ರೂ ಇದ್ಯಾ?

ಅಪ್ಪ ಹೋಗಿ ಮೂರು ತಿಂಗಳಾಗಿತ್ತು, ಅಮ್ಮನಿಗೆ ಕುಟುಂಬ ಪಿಂಚಣಿ ಮಾಡಿಸ್ಬೇಕು ಅಂತ ನಾನು ಬೆಂಗಳೂರಿಂದ ರಜಾ ಹಾಕಿ ಬಂದು ಅಮ್ಮನ್ನ ಕರ್ಕೊಂಡು ಒಂದು ಆಫೀಸಿಗೆ ಹೋದೆ. ಯಾವ ಆಫೀಸು ಅಂತ ಹೇಳಲ್ಲ, ಹೇಳಿದ್ರೂ ಏನೂ ಪ್ರಯೋಜನ ಇಲ್ಲ. ಕೌಂಟರಲ್ಲಿದ್ದ ಮೇಡಂ ಒಂದೊಂದೇ ಕಾಗದ ತಿರುಗಿಸಿ ನೋಡಿದ್ರು. ಅಪ್ಪನ ಡೆತ್ ಸರ್ಟಿಫಿಕೇಟು, ಪಿಂಚಣಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಫೋಟೋ, ಕೊನೆಗೆ ಅಮ್ಮನ ಆಧಾರ್. ಅದರ ಮೇಲೆ ಪೆನ್ ಇಟ್ಟು "ಡೇಟ್ ಆಫ್ ಬರ್ತ್‌ಗೆ ಇದು ನಡಿಯಲ್ಲ ಸಾರ್, ಬೇರೆ ಏನಾದ್ರೂ ಇದ್ಯಾ?" ಅಂದ್ರು. ಬೈದಿದ್ದೇನಲ್ಲ, ಪಾಪ, ದಿನಕ್ಕೆ ನೂರು ಸಲ ಹೇಳೋ ಮಾತು ಅದು, ಧ್ವನಿಯಲ್ಲೇ ಗೊತ್ತಾಗ್ತಿತ್ತು.

ಅಮ್ಮ ಕಾರ್ಡನ್ನ ವಾಪಸ್ ತಗೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದಳು. ಮೆಟ್ಟಿಲಿಳಿಯೋವಾಗ ಕೇಳಿದಳು, "ಬೆಳಗ್ಗೆ ಬಸ್ಸಲ್ಲಿ ನಡೀತಲ್ಲಪ್ಪ, ಇಲ್ಲಿ ಯಾಕೆ ನಡಿಯಲ್ಲ?"

ಆ ಪ್ರಶ್ನೆಗೆ ನನ್ನ ಹತ್ರ ಆವತ್ತು ಉತ್ತರ ಇರ್ಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಓಡಾಡಿ, ರಾತ್ರಿ ಹೊತ್ತು ಕಾಯ್ದೆ ತೀರ್ಪು ಅಂತ ಏನೇನೋ ಓದಿ, ಈಗ ಒಂದಿಷ್ಟು ತಿಳ್ಕೊಂಡಿದ್ದೀನಿ. ಅದಕ್ಕೇ ಬರೀತಿದ್ದೀನಿ.

ಮೊದಲು ಈ "ನಡಿಯತ್ತೆ" ಅನ್ನೋ ಪದ. ನಮ್ಮಲ್ಲಿ ಒಂದು ದಾಖಲೆ ಸರಿ ಇದ್ಯಾ ತಪ್ಪಿದ್ಯಾ ಅಂತ ಯಾರೂ ಕೇಳಲ್ಲ, ನಡಿಯತ್ತಾ ಅಂತ ಕೇಳ್ತಾರೆ, ದುಡ್ಡಿಗೆ ಕೇಳೋ ಹಾಗೆ. ಹತ್ತು ರೂಪಾಯಿ ಕಾಯಿನ್ ನೆನಪಿಸ್ಕೊಳಿ, ರಿಸರ್ವ್ ಬ್ಯಾಂಕು ಅದು ಚಲಾವಣೆಯಲ್ಲಿದೆ ತಗೊಳ್ರಪ್ಪ ಅಂತ ಎಷ್ಟು ಸಲ ಹೇಳಿದ್ರೂ ನಮ್ಮೂರ ಅಂಗಡಿಯವರು "ಇದು ನಡಿಯಲ್ಲ ಅಣ್ಣ" ಅಂತ ವಾಪಸ್ ಕೊಡ್ತಿದ್ರು. ಅಂದ್ರೆ ಕಾಯಿನ್ ಅಸಲಿ ಅನ್ನೋದು ಬೇರೆ ವಿಷಯ, ನಡಿಯೋದು ಬೇರೆ ವಿಷಯ. ನಡಿಯೋದು ಕೊಡೋನ ಕೈಲಿಲ್ಲ, ತಗೊಳ್ಳೋನ ಕೈಲಿದೆ. ಆಧಾರ್ ಕತೆನೂ ಹೆಚ್ಚುಕಮ್ಮಿ ಇಷ್ಟೇ.

ಬಸ್ಸಿನ ವಿಷಯಕ್ಕೆ ಬರ್ತೀನಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿಂದ ಅಮ್ಮ ಹ್ಯಾಂಡ್‌ಬ್ಯಾಗಲ್ಲಿ ಆಧಾರ್ ಇಟ್ಕೊಳ್ಳದೆ ಹೊಸಲು ದಾಟಲ್ಲ. ಕಂಡಕ್ಟರ್ ಬಂದ ತಕ್ಷಣ ಕಾರ್ಡ್ ತೋರಿಸ್ತಾಳೆ, ಆತ ಅರ್ಧ ಸೆಕೆಂಡ್ ನೋಡ್ತಾನೆ, ಶೂನ್ಯ ಟಿಕೆಟ್ ಹರಿದು ಕೊಡ್ತಾನೆ. ಆತ ನೋಡೋದು ಫೋಟೋ ಅಲ್ಲ, ನಂಬರಂತೂ ಅಲ್ಲವೇ ಅಲ್ಲ, ವಿಳಾಸ. ಕರ್ನಾಟಕದವರಾ ಅಂತ. ಯಾಕಂದ್ರೆ ಯೋಜನೆ ಇರೋದು ರಾಜ್ಯದ ಹೆಣ್ಣುಮಕ್ಕಳಿಗೆ. ಆದ್ರೆ 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಓದಿದ್ರೆ, ಆಧಾರ್ ನಂಬರು ತಾನಾಗಿಯೇ ಪೌರತ್ವಕ್ಕಾಗಲಿ ಕಾಯಂ ವಾಸಕ್ಕಾಗಲಿ ಪುರಾವೆ ಅಲ್ಲ ಅಂತ ಇದೆ! ಯಾವುದಕ್ಕೆ ಪುರಾವೆ ಅಲ್ಲ ಅಂತ ಕಾನೂನು ಹೇಳ್ತೋ ಹೆಚ್ಚುಕಮ್ಮಿ ಅದಕ್ಕೇ ನಮ್ಮ ಬಸ್ಸಲ್ಲಿ ದಿನಾ ಲಕ್ಷಾಂತರ ಹೆಣ್ಣುಮಕ್ಕಳು ಅದನ್ನ ತೋರಿಸ್ತಿದ್ದಾರೆ, ಅದು ನಡೀತಾನೂ ಇದೆ. ನಡೀಲಿ ಬಿಡಿ, ನಂಗೇನೂ ತಕರಾರಿಲ್ಲ. ಕಂಡಕ್ಟರ್ ಬಸ್ಸಲ್ಲಿ ನಿಂತ್ಕೊಂಡು ಕಾಯ್ದೆ ಬಿಡಿಸೋಕಾಗತ್ತಾ.

ಅಮ್ಮನಿಗೆ ಈ ಕಾರ್ಡ್ ಸಿಕ್ಕಿದ ಕತೆ ಹೇಳ್ಬೇಕು, ಅದಿಲ್ಲದೆ ಮುಂದಿನದು ಅರ್ಥ ಆಗಲ್ಲ.

ಇಡೀ ದೇಶದಲ್ಲಿ ಮೊದಲ ಆಧಾರ್ ಕೊಟ್ಟಿದ್ದು 2010ರ ಸೆಪ್ಟೆಂಬರ್ 29ಕ್ಕೆ, ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭ್ಲಿ ಅನ್ನೋ ಹಳ್ಳೀಲಿ. ಕರ್ನಾಟಕದಲ್ಲಿ ಪ್ರಯೋಗ ಅಂತ ಮೊದಲು ಶುರು ಮಾಡಿದ್ದು ಮೈಸೂರು ಮತ್ತೆ ನಮ್ಮ ತುಮಕೂರು ಜಿಲ್ಲೇಲಿ. ಹಾಗಾಗಿ ಬೇರೆ ಕಡೆಯವರು "ಅದೇನದು" ಅಂತಿರೋವಾಗ್ಲೇ ನಮ್ಮೂರ ಸ್ಕೂಲಿಗೆ ಲ್ಯಾಪ್‌ಟಾಪು, ಕ್ಯಾಮೆರಾ, ಕಣ್ಣಿನ ಪಾಪೆ ಸ್ಕ್ಯಾನ್ ಮಾಡೋ ಬೈನಾಕ್ಯುಲರ್ ಥರದ್ದು ಎಲ್ಲಾ ಬಂದು ಕೂತಿತ್ತು. ಅಪ್ಪ ಅದೇ ಸ್ಕೂಲಲ್ಲಿ ಮೇಷ್ಟ್ರಾಗಿದ್ದೋರು, ಆಗ್ಲೇ ರಿಟೈರ್ ಆಗಿದ್ರು, ಆದ್ರೂ ಬೆಳಗ್ಗೆ ತಿಂಡಿ ತಿಂದು ಹೋದ್ರೆ ಸಂಜೆವರೆಗೂ ಆಪರೇಟರ್ ಹುಡುಗನ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿರೋರು. ಯಾಕಂದ್ರೆ ಆ ಹುಡುಗ "ಹುಟ್ಟಿದ ತಾರೀಖು?" ಅಂತ ಕೇಳಿದ ತಕ್ಷಣ ಇಡೀ ಊರು ತಿರುಗಿ ಅಪ್ಪನ ಮುಖ ನೋಡೋದು. "ಮೇಷ್ಟ್ರೇ, ನಾನ್ಯಾವಾಗ ಹುಟ್ಟಿದ್ದು?"

ಇದು ತಮಾಷೆ ಅಲ್ಲ. ನಮ್ಮೂರಲ್ಲಿ ಸುಮಾರು ಎರಡು ತಲೆಮಾರಿಗೆ ಹುಟ್ಟಿದ ದಿನ ಕೊಟ್ಟಿದ್ದೇ ಅಪ್ಪ. ಸ್ಕೂಲಿಗೆ ಸೇರಿಸೋಕೆ ಬಂದ ಮಗುವಿಗೆ ತಲೆ ಮೇಲಿಂದ ಕೈ ಬಳಸಿ ಆ ಕಡೆ ಕಿವಿ ಮುಟ್ಟೋಕೆ ಹೇಳೋರು. ಮುಟ್ಟಿದ್ರೆ ಒಂದನೇ ಕ್ಲಾಸಿಗೆ ವಯಸ್ಸಾಗಿದೆ ಅಂತ ಅರ್ಥ, ಮುಟ್ಟದಿದ್ರೆ ಮುಂದಿನ ವರ್ಷ ಬಾ. ನಮ್ಮೂರಿನ ಮೊಟ್ಟಮೊದಲ ಬಯೋಮೆಟ್ರಿಕ್ ಅದು! ಕಿವಿ ಸಿಕ್ಕಿದ್ಮೇಲೆ ರಿಜಿಸ್ಟರಲ್ಲಿ ಏನಾದ್ರೂ ಒಂದು ತಾರೀಖು ಬರೀಬೇಕಲ್ಲ, ಸ್ಕೂಲ್ ಶುರುವಾಗೋದು ಜೂನಲ್ಲಿ, ಹಿಂದಕ್ಕೆ ಲೆಕ್ಕ ಹಾಕಿ ಜೂನ್ 1 ಅಂತ ಬರೆದುಬಿಡೋರು. ನಿಮ್ಮ ಅಪ್ಪಂದೋ ದೊಡ್ಡಪ್ಪಂದೋ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ, ಹತ್ತರಲ್ಲಿ ನಾಲ್ಕು ಜನ ಜೂನ್ ಒಂದಕ್ಕೇ ಹುಟ್ಟಿರ್ತಾರೆ ಅಂತ ನನ್ನ ಅಂದಾಜು. ಈಗ ವಾಟ್ಸಾಪ್ ಗ್ರೂಪಲ್ಲಿ ಜೂನ್ ಒಂದನೇ ತಾರೀಖು ಹ್ಯಾಪಿ ಬರ್ತ್‌ಡೇ ಹಾಕಿ ಹಾಕಿ ಬೆರಳು ನೋಯುತ್ತೆ.

ಆದ್ರೆ ಊರಿಗೆಲ್ಲಾ ಹುಟ್ಟಿದಹಬ್ಬ ಹಂಚಿದ ಮೇಷ್ಟ್ರ ಹೆಂಡತಿಗೇ ಒಂದು ತಾರೀಖು ಇರ್ಲಿಲ್ಲ. ಅಮ್ಮ ಎರಡನೇ ಕ್ಲಾಸಿಗೆ ಸ್ಕೂಲ್ ಬಿಟ್ಟಿದ್ದು, ಆ ಸ್ಕೂಲು ದೇವಸ್ಥಾನದ ಜಗಲಿ ಮೇಲೆ ನಡೀತಿತ್ತಂತೆ, ರಿಜಿಸ್ಟರು ಯಾವ ಕಾಲಕ್ಕೋ ಗೆದ್ದಲು ತಿಂದು ಹೋಗಿದೆ. ಅಜ್ಜಿ ಹೇಳ್ತಿದ್ದಿದ್ದು ಒಂದೇ ಮಾತು, "ನಂದನ ಸಂವತ್ಸರ, ಶ್ರಾವಣ ಮಾಸ, ಕೆರೆ ಕೋಡಿ ಬಿದ್ದ ವರ್ಷ." ನನ್ನ ಕೇಳಿದ್ರೆ ಇದಕ್ಕಿಂತ ಒಳ್ಳೆ ಬರ್ತ್ ಸರ್ಟಿಫಿಕೇಟ್ ಇಲ್ಲ, ನಂದನ ಅಂದ್ರೆ 1952-53, ಶ್ರಾವಣ ಅಂದ್ರೆ 1952ರ ಜುಲೈ ಕೊನೆಯೋ ಆಗಸ್ಟೋ. ಆದ್ರೆ ಆಪರೇಟರ್ ಹುಡುಗನ ಕಂಪ್ಯೂಟರಲ್ಲಿ ಶ್ರಾವಣ ಇರ್ಲಿಲ್ಲ. ಅಪ್ಪ ಲೆಕ್ಕ ಹಾಕಿ ವರ್ಷ ಹೇಳಿದ್ರು, ಆತ ಒತ್ತಿದ, ಕಾರ್ಡ್ ಬಂದಾಗ "ಹುಟ್ಟಿದ ವರ್ಷ 1952" ಅಂತ ಅಷ್ಟೇ ಇತ್ತು, ತಾರೀಖಿಲ್ಲ ತಿಂಗಳಿಲ್ಲ. ಆಗಿನ ಬಹಳಷ್ಟು ಕಾರ್ಡು ಹಾಗೇ ಬಂದಿದ್ದು. ನಂದನ ಸಂವತ್ಸರದಲ್ಲಿ ಹುಟ್ಟಿದವಳಿಗೆ ನಂದನ್ ನಿಲೇಕಣಿಯವರು ನಂಬರ್ ಕೊಟ್ರು ಅಂತ ಅಪ್ಪ ಬಂದೋರಿಗೆಲ್ಲಾ ಹೇಳಿ ನಗ್ತಿದ್ರು. ಆಧಾರ್ ಕೊಡೋ ಪ್ರಾಧಿಕಾರಕ್ಕೆ ಆಗ ಅಧ್ಯಕ್ಷರು ಅವ್ರೇ ತಾನೆ.

ಕಾರ್ಡಿನ ಕೆಳಗೆ ಕನ್ನಡದಲ್ಲೇ "ಆಧಾರ್ - ಶ್ರೀಸಾಮಾನ್ಯನ ಅಧಿಕಾರ" ಅಂತ ಅಚ್ಚಾಗಿತ್ತು. ಅಧಿಕಾರ! ಎಂಥಾ ದೊಡ್ಡ ಮಾತು.

ಸರಿ, ಆಫೀಸಿನ ಕತೆ. ಬೇರೆ ಏನಿದೆ ಅಂತ ಮನೆಗೆ ಬಂದು ಟ್ರಂಕ್ ತೆಗೆದ್ವಿ. ಶೇಷನ್ ಕಾಲದ ಹಳೇ ವೋಟರ್ ಐಡಿ ಸಿಕ್ತು, ಅದ್ರಲ್ಲಿ 1-1-1995ಕ್ಕೆ ವಯಸ್ಸು 40 ಅಂತಿದೆ, ಅಂದ್ರೆ ಅದರ ಪ್ರಕಾರ ಅಮ್ಮ ಎರಡು ವರ್ಷ ಚಿಕ್ಕವಳು. ರೇಷನ್ ಕಾರ್ಡಿನ ಪ್ರಕಾರ ಒಂದು ವರ್ಷ ದೊಡ್ಡವಳು. ಇನ್ನೊಂದು ತಲೆನೋವು ಏನಂದ್ರೆ ಅಪ್ಪನ ಸರ್ವಿಸ್ ರಿಜಿಸ್ಟರಲ್ಲಿ ಅಮ್ಮನ ಹೆಸರಿನ ಕೊನೆಗೆ "ಅಮ್ಮ" ಇದೆ, ಆಧಾರಲ್ಲಿ ಇಲ್ಲ. ನಮ್ಮಮ್ಮನ ಹೆಸರಲ್ಲಿ ಅಮ್ಮನೇ ಇಲ್ಲ ಅಂತ ಇಬ್ರೂ ನಕ್ವಿ, ಅಪ್ಪ ಹೋದ್ಮೇಲೆ ಮನೇಲಿ ಮೊದಲ ಸಲ ನಕ್ಕಿದ್ದು ಅವತ್ತು ಅನ್ಸತ್ತೆ. ಆಮೇಲೆ ಸ್ಟಾಂಪ್ ಪೇಪರ್ ತಗೊಂಡು ನೋಟರಿ ಹತ್ರ ಹೋಗಿ "ಈ ಎರಡೂ ಹೆಸರಿನವರು ಒಬ್ಬರೇ" ಅಂತ ಅಫಿಡವಿಟ್ ಮಾಡಿಸಿದ್ದಾಯ್ತು. ದಕ್ಷಿಣದವರಿಗೆ ಈ ಹೆಸರಿನ ಗೋಳು ತಪ್ಪಲ್ಲ ಬಿಡಿ. ನನ್ನ ಪ್ಯಾನ್ ಕಾರ್ಡಿನ ಫಾರಂನಲ್ಲಿ ಇನಿಷಿಯಲ್ ಬರೆಯೋ ಹಾಗಿಲ್ಲ ಅಂತ ಊರ ಹೆಸರು, ಅಪ್ಪನ ಹೆಸರು ಎಲ್ಲಾ ಬಿಡಿಸಿ ಬರೆದು, ಈಗ ಅದರಲ್ಲಿ ನಮ್ಮೂರೇ ನನ್ನ ಮೊದಲ ಹೆಸರಾಗಿ ಕೂತಿದೆ, ಬ್ಯಾಂಕಿಂದ ಫೋನ್ ಮಾಡಿದೋರು ಊರ ಹೆಸರು ಹಿಡಿದು ಕರೀತಾರೆ. ಅದನ್ನ ಆಧಾರ್ ಜೊತೆ ಲಿಂಕ್ ಮಾಡೋವಾಗ ಪಟ್ಟ ಪಾಡು ಬರೆದ್ರೆ ಇನ್ನೊಂದು ಬ್ಲಾಗ್ ಆಗತ್ತೆ.

ಇದೇ ಓಡಾಟದ ನಡುವೆ, 2024ರ ಅಕ್ಟೋಬರ್ 24ಕ್ಕೆ, ಸುಪ್ರೀಂ ಕೋರ್ಟಿಂದ ಒಂದು ತೀರ್ಪು ಬಂತು. ಹರ್ಯಾಣದ ಒಂದು ಆಕ್ಸಿಡೆಂಟ್ ಕೇಸು. ಸತ್ತವರ ವಯಸ್ಸು ಸ್ಕೂಲ್ ಬಿಟ್ಟ ಸರ್ಟಿಫಿಕೇಟ್ ಪ್ರಕಾರ 45, ಆಧಾರ್ ಪ್ರಕಾರ 47. ಎರಡು ವರ್ಷ ತಾನೆ ಅಂತೀರಾ, ಪರಿಹಾರದ ಲೆಕ್ಕದಲ್ಲಿ ಸತ್ತವರ ವರ್ಷದ ದುಡಿಮೆನ 41ರಿಂದ 45ರವರೆಗೆ 14ರಿಂದ ಗುಣಿಸ್ತಾರೆ, 45 ದಾಟಿದ್ರೆ 13ರಿಂದ, ಮನೆಯವರಿಗೆ ಒಂದು ವರ್ಷದ ದುಡಿಮೆಯಷ್ಟು ದುಡ್ಡು ಖೋತಾ. ಕೋರ್ಟು ಹೇಳಿದ್ದು, ಆಧಾರ್ ಗುರುತಿಗೆ ಸರಿ, ಹುಟ್ಟಿದ ತಾರೀಖಿಗೆ ಪುರಾವೆ ಅಲ್ಲ, ಸ್ಕೂಲ್ ಸರ್ಟಿಫಿಕೇಟ್ ತಗೊಳ್ಳಿ ಅಂತ. ಅದಕ್ಕೆ ಆಧಾರವಾಗಿ ಹಿಡಿದಿದ್ದು ಆಧಾರ್ ಪ್ರಾಧಿಕಾರದವರದ್ದೇ ಸುತ್ತೋಲೆ, ನಮ್ಮ ಕಾರ್ಡು ಹುಟ್ಟಿದ ತಾರೀಖಿಗೆ ಸಾಕ್ಷಿ ಅಲ್ಲ ಅಂತ ಅವ್ರೇ 2023ರಲ್ಲೇ ಹೇಳಿದ್ರು. ಪಿಎಫ್‌ನವರೂ 2024ರ ಜನವರೀಲೇ ಹುಟ್ಟಿದ ತಾರೀಖಿನ ದಾಖಲೆಗಳ ಪಟ್ಟಿಯಿಂದ ಆಧಾರ್ ತೆಗೆದುಹಾಕಿದ್ರು. ಅಂದ್ರೆ ಕೌಂಟರಿನ ಮೇಡಂ ಹೇಳಿದ್ದು ಸರಿನೇ.

ಪೇಪರಲ್ಲಿ ಇದನ್ನ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯೋಚನೆ ಮಾಡಿ, ನಮ್ಮೂರಲ್ಲಿ ಆ ಸ್ಕೂಲ್ ಸರ್ಟಿಫಿಕೇಟು ಬರೆದಿದ್ದು ಯಾರು? ಅಪ್ಪ. ಹೇಗೆ ಬರೆದಿದ್ದು? ಕಿವಿ ಮುಟ್ಟಿಸಿ, ಜೂನ್ 1 ಅಂತ. ಆಧಾರಲ್ಲಿ ಅಮ್ಮನ ವರ್ಷ ಬರೆಸಿದ್ದು ಯಾರು? ಅದೂ ಅಪ್ಪನೇ, ಅದೂ ಸಂವತ್ಸರ ಲೆಕ್ಕ ಹಾಕಿ, ಹೆಚ್ಚು ಸರಿಯಾಗಿ. ಒಬ್ಬರೇ ಮನುಷ್ಯ ಎರಡು ಕಡೆ ಹೇಳಿದ್ದು, ರೂಲು ಎಳೆದ ರಿಜಿಸ್ಟರಲ್ಲಿ ಹೇಳಿದ ಅಂದಾಜು ನಡಿಯತ್ತೆ, ಕಂಪ್ಯೂಟರಿಗೆ ಹೇಳಿದ ಲೆಕ್ಕ ನಡಿಯಲ್ಲ. ಕೋರ್ಟಿಗೆ ಅದರದ್ದೇ ಕಾರಣ ಇದೆ, ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ನಲ್ಲಿ ಸ್ಕೂಲ್ ದಾಖಲೆಗೆ ಮೊದಲ ಮಣೆ ಹಾಕಿದ್ದಾರೆ, ಮತ್ತೆ ಸ್ಕೂಲ್ ರಿಜಿಸ್ಟರು ಜಗಳ ಹುಟ್ಟೋಕೆ ಎಷ್ಟೋ ವರ್ಷ ಮುಂಚೆ ಬರೆದಿದ್ದು, ಅದರಲ್ಲಿ ಯಾರಿಗೂ ಸುಳ್ಳು ಹೇಳೋ ಅಗತ್ಯ ಇರಲ್ಲ ಅನ್ನೋದು ಒಂದು ವಾದ. ವಾದ ತಪ್ಪಲ್ಲ. ಆದ್ರೆ ಅಪ್ಪನ ಸೀಸದಕಡ್ಡಿ ನೋಡಿ ಬೆಳೆದ ನನಗೆ ನಗು ಬಂತು, ಏನ್ ಮಾಡ್ಲಿ.

ಹಾಗಾದ್ರೆ ಈ ಹನ್ನೆರಡು ಅಂಕಿ ಏನನ್ನ ಹೇಳತ್ತೆ? ನಿಜ ಹೇಳ್ಬೇಕಂದ್ರೆ ಬಹಳ ಕಮ್ಮಿ. ನಂಬರಲ್ಲಿ ಜಾತಿ ಇಲ್ಲ, ಊರಿಲ್ಲ, ವಯಸ್ಸಿಲ್ಲ. ಹನ್ನೊಂದು ಅಂಕಿ ಸುಮ್ನೆ ಬಂದದ್ದು, ಹನ್ನೆರಡನೇದು ಮಾತ್ರ ಮಿಕ್ಕಿದ್ದರಿಂದ ಲೆಕ್ಕ ಹಾಕಿ ಇಟ್ಟಿದ್ದು, ನಾವು ಟೈಪ್ ಮಾಡೋವಾಗ ಒಂದಂಕಿ ತಪ್ಪಿದ್ರೆ ಹಿಡಿಯೋಕೆ. ನಂಬರಿಗೆ ತನ್ನ ತಪ್ಪು ಗೊತ್ತಾಗತ್ತೆ, ಅದರ ಪಕ್ಕದಲ್ಲಿರೋ ಹೆಸರಿನ ತಪ್ಪು ಗೊತ್ತಾಗಲ್ಲ. ಅದು ಹೇಳೋದು ಇಷ್ಟೇ, ಆವತ್ತು ಸ್ಕೂಲಲ್ಲಿ ಬೆರಳು ಕೊಟ್ಟವಳು ಯಾರೋ ಇವತ್ತು ಇಲ್ಲಿ ಬೆರಳು ಕೊಟ್ಟವಳೂ ಅವಳೇ. ಆವತ್ತು ಹೇಳಿದ್ದು ನಿಜವಾ ಅಂತ ಅದಕ್ಕೇನು ಗೊತ್ತು.

ಇಲ್ಲೇ ಒಂದು ಮಜಾ ಇದೆ. ಬೆರಳು ಕೊಟ್ರೆ ತಾನೆ ಹೋಲಿಸೋಕಾಗೋದು? ನಾವು ಕೊಡೋದು ಜೆರಾಕ್ಸು. 2016ರ ಕಾಯ್ದೆಯಲ್ಲಿ ಇದ್ದ ಮಾತು, ದೃಢೀಕರಣ ಮಾಡಿಕೊಂಡು ಆಧಾರನ್ನ ಗುರುತಿನ ಪುರಾವೆಯಾಗಿ ಒಪ್ಪಿಕೊಳ್ಳಬಹುದು ಅಂತ. ಒಪ್ಪಲೇಬೇಕು ಅಂತ ಅಲ್ಲ, "ಬಹುದು". ಅಷ್ಟೇ ಅಲ್ಲ, ದೃಢೀಕರಣ ಮಾಡಿದ್ರೆ. ಕಾರ್ಡ್ ಜೊತೆ ಬರೋ ಕಾಗದದಲ್ಲೂ ಗುರುತು ಸಾಬೀತು ಮಾಡೋಕೆ ಆನ್‌ಲೈನ್ ದೃಢೀಕರಣ ಮಾಡಿ ಅಂತ ಬರ್ದಿದ್ದಾರೆ. ಒಂದು ಕ್ಯೂಆರ್ ಕೋಡೂ ಇದೆ, ಸ್ಕ್ಯಾನ್ ಮಾಡಿದ್ರೆ ಕಾರ್ಡ್ ಅಸಲಿಯಾ ನಕಲಿಯಾ ಗೊತ್ತಾಗತ್ತೆ. ಲಾಡ್ಜು, ಸಿಮ್ ಅಂಗಡಿ, ಬಾಡಿಗೆ ಮನೆ ಓನರ್ರು, ಗ್ಯಾಸ್ ಏಜೆನ್ಸಿ, ಮದುವೆ ಛತ್ರ, ಎಲ್ಲಾ ಕಡೆ ಕೊಟ್ಟಿದ್ದೀನಿ, ಒಬ್ಬರೂ ಅದನ್ನ ಸ್ಕ್ಯಾನ್ ಮಾಡಿದ್ದು ನಾನು ನೋಡಿಲ್ಲ. ತಗೋತಾರೆ, ಪಂಚ್ ಮಾಡ್ತಾರೆ, ಫೈಲಿಗೆ ಸೇರಿಸ್ತಾರೆ. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆಗೆ ಚಿಲ್ಲರೆ ಹಾಕೋ ಹಾಗೆ, ಹಾಕಿದ್ರೆ ಒಂದು ಸಮಾಧಾನ. ನಮ್ಮ ಬೀದಿ ಜೆರಾಕ್ಸ್ ಅಂಗಡಿಯವನು ಇಂಕ್ ಕಲೆಸಿ ಹಾಳಾದ ಆಧಾರ್ ಕಾಪಿಗಳ ಹಿಂದೆ ಲೆಕ್ಕ ಬರೀತಾನೆ. ನನ್ನ ಹದಿನೆಂಟು ರೂಪಾಯಿ ಬಿಲ್ಲಿನ ಹಿಂದುಗಡೆ ಯಾವುದೋ ಹೆಂಗಸಿನ ಮುಖ ಇತ್ತು.

2022ರ ಮೇ ಕೊನೇಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಆಫೀಸಿಂದಲೇ ಒಂದು ಪ್ರಕಟಣೆ ಬಂತು ನೆನಪಿದ್ಯಾ? ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆ ನಾಲ್ಕಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಎರಡೇ ದಿನಕ್ಕೆ ದಿಲ್ಲಿಯಿಂದ ಅದನ್ನ ವಾಪಸ್ ತಗೊಂಡ್ರು, ಜನ ತಪ್ಪು ತಿಳ್ಕೋಬಹುದು, ಮಾಮೂಲಿ ಎಚ್ಚರಿಕೆ ಇದ್ರೆ ಸಾಕು ಅಂತ. ನಾನು ಆ ಎರಡು ದಿನದಲ್ಲಿ ಮಾಸ್ಕ್ಡ್ ಆಧಾರ್ ಪ್ರಿಂಟ್ ಹಾಕಿಸಿಟ್ಕೊಂಡೆ, ಇವತ್ತಿನವರೆಗೂ ಅದನ್ನ ಒಬ್ಬರೂ ತಗೊಂಡಿಲ್ಲ. "ಇದೇನ್ ಸಾರ್, ನಂಬರೇ ಇಲ್ಲ" ಅಂತಾರೆ. ಅಂದ್ರೆ ಅಸಲಿಯಾಗಿ ಇಳಿಸ್ಕೊಂಡ ಕಾರ್ಡು ನಡಿಯಲ್ಲ, ಯಾರು ಬೇಕಾದ್ರೂ ಫೋಟೋಶಾಪಲ್ಲಿ ಮಾಡಬಹುದಾದ ಜೆರಾಕ್ಸು ನಡಿಯತ್ತೆ.

ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅವಳ ಹತ್ರ ಈ ಕತೆ ಹೇಳ್ಕೊಂಡಾಗ ಅವಳು ತನ್ನ ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ವಿಷಯ ತೆಗೆದಳು. ಫೋಟೋ ಇಲ್ಲ, ಹುಟ್ಟಿದ ತಾರೀಖಿಲ್ಲ, ವಿಳಾಸ ಇಲ್ಲ, ತೆಳ್ಳಗಿನ ಒಂದು ಕಾಗದ, ಹೆಸರು ಮತ್ತೆ ಒಂಬತ್ತಂಕಿ. ಅದನ್ನ 1936ರಲ್ಲಿ ಶುರು ಮಾಡಿದ್ದು ಪಿಂಚಣಿ ಲೆಕ್ಕ ಇಡೋಕೆ ಮಾತ್ರ. 1946ರಿಂದ ಕಾರ್ಡಿನ ಮೇಲೇ "ಗುರುತಿಗಾಗಿ ಅಲ್ಲ" ಅಂತ ಅಚ್ಚು ಹಾಕ್ತಿದ್ರು, ಆದ್ರೂ ಜನ ಅದನ್ನೇ ಎಲ್ಲಾ ಕಡೆ ಕೇಳ್ತಿದ್ರು, ಕೊನೆಗೆ 1972ರಲ್ಲಿ ಆ ಸಾಲನ್ನೇ ತೆಗೆದುಬಿಟ್ರು! ಇನ್ನೊಂದು ಕತೆ ಇದಕ್ಕಿಂತ ಚೆನ್ನಾಗಿದೆ. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಪರ್ಸ್ ಕಂಪನಿಯವರು ಕಾರ್ಡು ಪರ್ಸಿನೊಳಗೆ ಹೇಗೆ ಕೂರತ್ತೆ ಅಂತ ತೋರಿಸೋಕೆ ಒಂದು ಸ್ಯಾಂಪಲ್ ಕಾರ್ಡ್ ಇಟ್ರಂತೆ, ಅದರಲ್ಲಿ ಆಫೀಸಿನ ಸೆಕ್ರೆಟರಿಯ ನಿಜವಾದ ನಂಬರೇ ಹಾಕಿದ್ರು. ಪರ್ಸ್ ತಗೊಂಡ ಜನ ಅದು ತಮ್ಮದೇ ನಂಬರು ಅನ್ಕೊಂಡು ಬಳಸೋಕೆ ಶುರು ಮಾಡಿದ್ರು. 1943ರಲ್ಲಿ 5,755 ಜನ ಅದೇ ನಂಬರಲ್ಲಿದ್ರಂತೆ, ಒಟ್ಟು ಲೆಕ್ಕ 40,000 ದಾಟಿತು. ಪಾಪ ಆ ಹೆಂಗಸಿಗೆ ಹೊಸ ನಂಬರ್ ಕೊಡಬೇಕಾಯ್ತು. ತಂಗಿ ನಗ್ತಾ ಹೇಳಿದ್ಳು, "ಅಣ್ಣ, ನಮ್ಮಲ್ಲಿ ಆ ಪರ್ಸ್ ಮಾರಿದ್ರೆ ಮೊದಲು ಜೆರಾಕ್ಸ್ ಅಂಗಡಿಗೆ ಹೋಗ್ತಿದ್ರು."

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಈ ಕಾರ್ಡ್ ವಿಷಯಕ್ಕೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕಿದಾಗ ಅವ್ರಿಗೆ 86 ವರ್ಷ. ಆ ಅರ್ಜಿಯಿಂದಾನೇ 2017ರ ಆಗಸ್ಟ್ 24ಕ್ಕೆ ಒಂಬತ್ತು ಜಡ್ಜುಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು, ಮುಂದಿನ ವರ್ಷ ಸೆಪ್ಟೆಂಬರಲ್ಲಿ ಐವರ ಪೀಠ ನಾಲ್ಕು ಒಂದು ಬಹುಮತದಲ್ಲಿ ಆಧಾರ್ ಉಳಿಸಿ, ಖಾಸಗಿ ಕಂಪನಿಗಳು ಅದನ್ನ ಕಡ್ಡಾಯ ಅಂತ ಕೇಳೋ ಹಾಗಿಲ್ಲ ಅಂದಿದ್ದು. 2019ರಲ್ಲಿ ಕಾಯ್ದೆ ತಿದ್ದಿ "ಸ್ವಇಚ್ಛೆಯಿಂದ" ಅಂತ ಸೇರಿಸಿದ್ರು. ಸ್ವಇಚ್ಛೆ ಅಂದ್ರೆ ಏನು ಅಂತ ಸಿಮ್ ಕಾರ್ಡ್ ತಗೊಳ್ಳೋಕೆ ಹೋಗಿ ನೋಡಿ. ಪುಟ್ಟಸ್ವಾಮಿಯವರು ತೀರ್ಕೊಂಡಿದ್ದು 2024ರ ಅಕ್ಟೋಬರ್ ಕೊನೇಲಿ, 98ನೇ ವಯಸ್ಸಲ್ಲಿ, ಆ ಹುಟ್ಟಿದ ತಾರೀಖಿನ ತೀರ್ಪು ಬಂದ ಕೆಲವೇ ದಿನಕ್ಕೆ. ನಾನು ಆ ಸುದ್ದಿ ಓದಿದ್ದೂ ಸಾಲಲ್ಲಿ ನಿಂತ್ಕೊಂಡೇ.

ಹೋದ ವರ್ಷ ಬಿಹಾರದ ವೋಟರ್ ಲಿಸ್ಟ್ ಗಲಾಟೆ ನಡೀತಲ್ಲ, ಅದೂ ಇದೇ ಗಂಟು. 2025ರ ಜೂನಲ್ಲಿ ಚುನಾವಣಾ ಆಯೋಗ ವೋಟರ್ ಲಿಸ್ಟ್ ಪರಿಷ್ಕರಣೆಗೆ ಅಂತ ಹನ್ನೊಂದು ದಾಖಲೆ ಪಟ್ಟಿ ಮಾಡ್ತು, ಹೆಚ್ಚುಕಮ್ಮಿ ಎಲ್ಲರ ಹತ್ರನೂ ಇದ್ದ ಆಧಾರ್ ಒಂದು ಬಿಟ್ಟು. ಸೆಪ್ಟೆಂಬರ್ 8ಕ್ಕೆ ಸುಪ್ರೀಂ ಕೋರ್ಟು ಅದನ್ನ ಹನ್ನೆರಡನೇ ದಾಖಲೆ ಅಂತ ತಗೊಳ್ಳಿ, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಅಂತು. ನನಗನ್ಸೋದು, ಕಾನೂನು ಓದೋರಿಗೆ ಇದು ಸ್ಪಷ್ಟವಾಗೇ ಇದೆ. ನೀವು ಯಾರು, ಎಲ್ಲಿಯವರು, ಯಾವಾಗ ಹುಟ್ಟಿದ್ದು, ಯಾವ ದೇಶದವರು, ಇವೆಲ್ಲಾ ಬೇರೆಬೇರೆ ಪ್ರಶ್ನೆ, ಈ ಕಾರ್ಡು ಉತ್ತರ ಕೊಡೋದು ಮೊದಲನೇದಕ್ಕೆ ಮಾತ್ರ. ಆದ್ರೆ ಕಾರ್ಡಿನ ಮುಖದ ಮೇಲೆ ಹುಟ್ಟಿದ ತಾರೀಖನ್ನೂ ವಿಳಾಸವನ್ನೂ ಅಚ್ಚು ಹಾಕಿ, ನಂಬಬೇಡಿ ಅಂತ ಚಿಕ್ಕ ಅಕ್ಷರದಲ್ಲಿ ಬರೆದ್ರೆ ಅಮ್ಮನಂಥವರಿಗೆ ಹೇಗೆ ಅರ್ಥ ಆಗ್ಬೇಕು? ಹದಿಮೂರು ವರ್ಷ ಎಲ್ಲಾ ಕಡೆ ಇದನ್ನೇ ತೋರಿಸಿ ತೋರಿಸಿ, ಇದೊಂದಿದ್ರೆ ಸಾಕು ಅಂತ ನಂಬ್ಸಿದ್ದು ಯಾರು? ಕೌಂಟರಲ್ಲಿ ಕೂತೋರು "ಇದು ನಡಿಯಲ್ಲ" ಅನ್ನೋ ಬದಲು "ನೀವು ಯಾರು ಅಂತ ಗೊತ್ತಾಯ್ತಮ್ಮ, ವಯಸ್ಸಿಗೆ ಇನ್ನೊಂದು ಕಾಗದ ಬೇಕು" ಅಂದಿದ್ರೆ ಅಮ್ಮನ ಮುಖ ಹಾಗಾಗ್ತಿರಲಿಲ್ಲ.

ಕೊನೆಗೆ ನಮ್ಮ ಫೈಲ್ ಹೇಗೆ ಮುಂದೆ ಹೋಯ್ತು ಅಂದ್ರೆ, ಒಬ್ಬ ಹಳೇ ಗುಮಾಸ್ತರು ದಾರಿ ಹೇಳ್ಕೊಟ್ರು. ಯಾವ ದಾಖಲೆನೂ ಇಲ್ಲದವರಿಗೆ ಸರ್ಕಾರಿ ಡಾಕ್ಟರು ನೋಡಿ ವಯಸ್ಸಿನ ಸರ್ಟಿಫಿಕೇಟ್ ಕೊಡ್ತಾರೆ, ಅದು ತನ್ನಿ ಅಂತ. ಹೋದ್ವಿ. ಎರಡು ಗಂಟೆ ಕಾದ್ಮೇಲೆ ಒಳಗೆ ಕರೆದ್ರು. ಡಾಕ್ಟರ್ ಚಿಕ್ಕ ಹುಡುಗಿ, ನನ್ನ ತಂಗಿಗಿಂತ ಚಿಕ್ಕವಳು, ಕಣ್ಣಲ್ಲಿ ನಿದ್ದೆ ಇರ್ಲಿಲ್ಲ.

"ಅಜ್ಜಿ, ಎಷ್ಟು ವಯಸ್ಸು ನಿಮಗೆ?"

"ಅದನ್ನ ಕೇಳೋಕೇ ನಿಮ್ಮತ್ರ ಬಂದಿದ್ದು ಕಣಮ್ಮ."

ಡಾಕ್ಟರ್ ನಕ್ಕುಬಿಟ್ರು. ಬಾಯಿ ತೆಗಿಸಿ ಹಲ್ಲು ನೋಡಿದ್ರು, ಇರೋದೇ ಒಂಬತ್ತು. ಕಣ್ಣು ನೋಡಿದ್ರು, ಕೈ ತಿರುಗಿಸಿ ನೋಡಿದ್ರು. ಅಮ್ಮ ನಂದನ ಸಂವತ್ಸರ, ಕೆರೆ ಕೋಡಿ ಎಲ್ಲಾ ಹೇಳಿದಳು. ಡಾಕ್ಟರ್ ಕೇಳ್ಕೊಂಡು, ಪೆನ್ ತೆಗೆದು, "ಐಡಿ ಏನಾದ್ರೂ ಇದ್ಯಾ, ಆಧಾರ್ ಕೊಡಿ" ಅಂದ್ರು. ಅಮ್ಮ ರಬ್ಬರ್ ಬ್ಯಾಂಡ್ ಬಿಚ್ಚಿ ಕೊಟ್ಟಳು. ಡಾಕ್ಟರ್ ಅದನ್ನ ನೋಡಿದ್ರು, ಒಂದು ಕ್ಷಣ ಮನಸ್ಸಲ್ಲೇ ಕಳೆದ್ರು, ನಾನು ಅವ್ರ ತುಟಿ ನೋಡ್ತಿದ್ದೆ, ಆಮೇಲೆ ಸರ್ಟಿಫಿಕೇಟಲ್ಲಿ "ಸುಮಾರು 72 ವರ್ಷ" ಅಂತ ಬರೆದು ಸೀಲ್ ಹಾಕಿದ್ರು.

ಅದನ್ನ ತಗೊಂಡು ಹೋಗಿ ಅದೇ ಕೌಂಟರಿಗೆ ಕೊಟ್ವಿ, ಅದೇ ಮೇಡಂ. ನೋಡಿ "ಹಾ, ಇದು ನಡಿಯತ್ತೆ" ಅಂದ್ರು, ಜೊತೆಗೆ ಒಂದು ಆಧಾರ್ ಜೆರಾಕ್ಸ್ ಸೇರಿಸಿ, ಅಜ್ಜಿ ಹತ್ರ ಸೈನ್ ಹಾಕ್ಸಿ ಅಂದ್ರು. ಅಮ್ಮ ಅಪ್ಪ ಕಲಿಸಿಕೊಟ್ಟ ಸೈನ್ ಹಾಕಿದಳು, ಒಂದೊಂದೇ ಅಕ್ಷರ, ಕೊನೆಗೆ ಅಭ್ಯಾಸಬಲ, "ಅಮ್ಮ" ಅಂತಾನೂ ಸೇರಿಸಿದಳು. ನಾನು ಉಸಿರು ಹಿಡ್ಕೊಂಡು ನಿಂತಿದ್ದೆ. ಮೇಡಂ ನೋಡಿದ್ರೋ ಇಲ್ವೋ, ಟ್ಯಾಗ್ ಹಾಕಿ ಕಟ್ಟಿಬಿಟ್ರು.

ಪಿಂಚಣಿ ಬರ್ತಿದೆ ಈಗ. ವರ್ಷಕ್ಕೊಂದ್ಸಲ ನವೆಂಬರಲ್ಲಿ ಬದುಕಿದ್ದೀನಿ ಅಂತ ತೋರಿಸ್ಬೇಕು. ಮೊದಲ ಸಲ ಬೆರಳು ಇಟ್ರೆ ಮಿಷನ್ ತಗೊಳ್ಲಿಲ್ಲ, ಅರವತ್ತು ವರ್ಷ ಬೂದಿ, ತೆಂಗಿನ ನಾರಲ್ಲಿ ಪಾತ್ರೆ ತಿಕ್ಕಿದ ಬೆರಳು ಅದು, ಗೆರೆ ಎಲ್ಲಿ ಉಳಿದಿರತ್ತೆ. ಹತ್ತೂ ಬೆರಳು ಆಯ್ತು, ಸೀರೆ ಸೆರಗಲ್ಲಿ ಒರೆಸಿ ಒರೆಸಿ ಇಟ್ಟಿದ್ದಾಯ್ತು. ಸೆಂಟರಿನ ಹುಡುಗ "ಇರ್ಲಿ ಬಿಡಿ ಅಜ್ಜಿ, ಮುಖದಲ್ಲಿ ಮಾಡೋಣ" ಅಂತ ಮೊಬೈಲ್ ತೆಗೆದು ಮುಖದ ಮುಂದೆ ಹಿಡಿದ. ಅಮ್ಮ ಫೋಟೋಗೆ ನಿಂತ ಹಾಗೆ ಉಸಿರು ಬಿಗಿ ಹಿಡಿದು ಅಲ್ಲಾಡದೆ ಕೂತಳು.

"ಹಾಗಲ್ಲ ಅಜ್ಜಿ, ಕಣ್ಣು ಮಿಟುಕಿಸಿ."

ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ ಮೊಬೈಲ್ ಕಡೆ ತಿರುಗಿ ಎರಡು ಸಲ ಕಣ್ಣು ಮಿಟುಕಿಸಿದಳು.

"ಆಯ್ತು," ಅಂದ ಹುಡುಗ. "ನೆಕ್ಸ್ಟ್ ಬನ್ನಿ."